ಅಜ್ಜಿ ಚಿತ್ರದಲ್ಲಿರಲಿ

‘ಮಕ್ಕಳಿಗಾಗಿ ಬರೆದಿದ್ದೇನೆ, ಸ್ವಲ್ಪ ನೋಡಿ’ ಎಂದು ಹೊಸಬರು ತರುವ ಹಸ್ತಪ್ರತಿಯಲ್ಲಿ ನಾನು ಮೊದಲು ತೆರೆಯುವುದು ಕೊನೆಯ ಪ್ಯಾರಾ. ಅದು ‘ಆದ್ದರಿಂದ ಮಕ್ಕಳೇ’ ಎಂದು ಶುರುವಾಗಿದ್ದರೆ ಹೊಡೆದುಹಾಕಿ, ಉಳಿದದ್ದನ್ನು ಓದುತ್ತೇನೆ. ಎಷ್ಟೋ ಸಲ ಅಷ್ಟಕ್ಕೇ ಕತೆ ಅರ್ಧ ಸರಿಹೋಗಿರುತ್ತದೆ.

ಇನ್ನರ್ಧಕ್ಕೆ ಕಾಗದ ಮಡಚಬೇಕು. ನಾಲ್ಕು ಹಾಳೆ ನಡುವೆ ಮಡಚಿ ಪಿನ್ ಹೊಡೆದರೆ 16 ಪುಟದ ಚಿತ್ರಪುಸ್ತಕದ ಡಮ್ಮಿ ಸಿದ್ಧ. ಮುದ್ರಣ ನಡೆಯುವುದು ಫಾರಂ ಲೆಕ್ಕದಲ್ಲಿ, ಅಂದರೆ ಒಂದೇ ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳ ಲೆಕ್ಕದಲ್ಲಿ. 17ನೇ ಪುಟ ಬೇಕೆಂದರೆ ಸಿಗದು. ಶೀರ್ಷಿಕೆ, ಮುದ್ರಣ ವಿವರ ಕಳೆದರೆ ಕತೆಗೆ ಉಳಿಯುವುದು 13 ಅಥವಾ 14 ಪುಟ. ಬೆಸಸಂಖ್ಯೆಯ ಪುಟ ಯಾವಾಗಲೂ ಬಲಗಡೆ ಬರುತ್ತದೆ. ಬಾಗಿಲು ಬಡಿದ ಸದ್ದು ಅಲ್ಲಿರಲಿ. ಬಂದವರು ಯಾರೆಂಬುದು ಪುಟ ತಿರುಗಿಸಿದ ಮೇಲೆ ಕಾಣಲಿ. ಎರಡನ್ನೂ ಎದುರುಬದುರು ಇಟ್ಟರೆ ಮಗುವಿನ ಕಣ್ಣು ನೇರ ಚಿತ್ರಕ್ಕೇ ಹೋಗುತ್ತದೆ, ಗುಟ್ಟು ರಟ್ಟಾಗುತ್ತದೆ.

ಆಮೇಲೆ ಕತ್ತರಿ. ‘ಕೆಂಪು ಲಂಗದ ಹುಡುಗಿ ಮಾವಿನ ಮರ ಹತ್ತಿದಳು’ ಎಂದು ಬರೆದಿರುತ್ತೀರಿ. ಕೆಂಪು ಲಂಗ, ಮಾವಿನ ಮರ, ಹುಡುಗಿ ಮೂರೂ ಚಿತ್ರದಲ್ಲೇ ಇವೆ. ‘ಅಜ್ಜಿಗೆ ಮಾತ್ರ ಹೇಳಬೇಡ’ ಎಂದು ಬರೆಯಿರಿ, ಅದನ್ನು ಚಿತ್ರ ಹೇಳಲಾರದು. ಚಿತ್ರಕಾರರೂ ಸಾಲಿನಲ್ಲಿದ್ದಷ್ಟನ್ನೇ ಬಿಡಿಸಿ ಕುಂಚ ತೊಳೆಯಬಾರದು. ಮರದ ಹಿಂದೆ ಅಜ್ಜಿ ಆಗಲೇ ಬಂದು ನಿಂತಿರಲಿ. ಓದಲು ಬಾರದ ಮಗು ಓದುವ ಅಕ್ಕನಿಗಿಂತ ಮೊದಲು ಅವಳನ್ನು ಕಂಡುಹಿಡಿದು ಕೂಗುತ್ತದೆ. ಚಿತ್ರಪುಸ್ತಕದ ಸುಖವೆಲ್ಲ ಇರುವುದು ಆ ಕೂಗಿನಲ್ಲಿ ಎಂದು ನನಗನ್ನಿಸುತ್ತದೆ.

ಅಕ್ಷರಕ್ಕೆ ಜಾಗ ಬಿಡುವಾಗ ನಮ್ಮ ಒತ್ತಕ್ಷರಗಳನ್ನು ನೆನಪಿಡಿ. ಅವು ಕೆಳಗಿಳಿಯುತ್ತವೆ; ಇಂಗ್ಲಿಷ್ ಪುಸ್ತಕದ ಅಳತೆಯಲ್ಲಿ ಸಾಲು ಜೋಡಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ.

ಕರಡನ್ನು ಸರ್ಕಾರಿ ಶಾಲೆಯ ನಲಿ-ಕಲಿ ತರಗತಿಗೆ ಒಯ್ದಾಗ ನಾನು ಓದುವುದಿಲ್ಲ. ಟೀಚರ್ ಕೈಗೆ ಕೊಟ್ಟು ಹಿಂದೆ ಕೂರುತ್ತೇನೆ. ನಾನೇ ಓದಿದರೆ ಸೊಟ್ಟ ಸಾಲನ್ನೂ ದನಿಯಲ್ಲಿ ನೆಟ್ಟಗೆ ಮಾಡಿಬಿಡುತ್ತೇನೆ. ಅವರು ಎಡವಿದ ಕಡೆಯೆಲ್ಲ ಗುರುತು ಹಾಕಿಕೊಳ್ಳುತ್ತೇನೆ. ಕೊನೆಗೆ ಮಕ್ಕಳು ‘ಚೆನ್ನಾಗಿದೆ ಮಿಸ್’ ಅನ್ನುತ್ತಾರೆ, ಅದನ್ನು ನಂಬಬೇಡಿ, ಅವರು ಮರ್ಯಾದಸ್ಥರು. ಯಾವ ಪುಟದಲ್ಲಿ ಪಕ್ಕದವನ ಪೆನ್ಸಿಲ್ ಕಸಿಯತೊಡಗಿದರೋ ಆ ಪುಟವನ್ನು ತಿದ್ದಿ.

ಕತೆ ಎಲ್ಲಿಂದ ಬಂದರೂ ತಕರಾರಿಲ್ಲ. ಕುವೆಂಪು ಅವರ ಕಿಂದರಿಜೋಗಿ ಇಂಗ್ಲಿಷ್ ಕವಿ ಬ್ರೌನಿಂಗ್‌ನ ಕವಿತೆಯಿಂದ ಬಂದವನು. ಆದರೆ ಅವನು ನಡೆದಾಡುವುದು ತುಂಗೆಯ ದಡದ ಊರಿನಲ್ಲಿ. ನಮ್ಮ ಚಿತ್ರಗಳಲ್ಲಿ ಮಾತ್ರ ಇಂದಿಗೂ ಹೊಗೆಗೂಡಿನ ಮನೆ, ಬಾಗಿಲಲ್ಲಿ ಸೇಬಿನ ಮರ. ಮಂಗಳೂರಿನ ಹೆಂಚು, ಕಲಬುರಗಿಯ ಶಹಾಬಾದ್ ಕಲ್ಲು ಬಿಡಿಸಲು ಯಾರು ಬೇಡ ಅಂದರು?

ಇನ್ನು ಹಕ್ಕಿನ ವಿಷಯ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಅವಧಿ ಹೇಳದಿದ್ದರೆ 5 ವರ್ಷ ಎಂದೇ ಲೆಕ್ಕ. ಆದ್ದರಿಂದ ಒಪ್ಪಂದದಲ್ಲಿ ‘ಶಾಶ್ವತವಾಗಿ’ ಎಂಬ ಪದ ಎಲ್ಲಿ ಅಡಗಿದೆ ಎಂದು ಹುಡುಕಿ. ಚಿತ್ರಕಾರರು ಮುಖಪುಟದ ಮೇಲೆ ಹೆಸರನ್ನೂ ಮೂಲ ಚಿತ್ರಗಳ ವಾಪಸಾತಿಯನ್ನೂ ಬಾಯಿಬಿಟ್ಟು ಕೇಳಬೇಕು. ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಕತೆಗಳ ಜಾಲತಾಣ ಸ್ಟೋರಿವೀವರ್‌ನಲ್ಲಿ ಲೆಕ್ಕ ಬೇರೆ: ಅಲ್ಲಿನ ಮುಕ್ತ ಪರವಾನಗಿಯಡಿ ಹಾಕಿದ ಕತೆಯನ್ನು ಯಾರು ಬೇಕಾದರೂ ಅನುವಾದಿಸಬಹುದು, ಮುದ್ರಿಸಬಹುದು. ಹೆಸರು ಹಾಕಲೇಬೇಕು, ಹಣ ಕೊಡಬೇಕಿಲ್ಲ. ನನಗದು ಒಪ್ಪಿಗೆ. ನಿಮಗೂ ಒಪ್ಪಿಗೆಯೇ ಎಂಬುದನ್ನು ಕತೆ ಏರಿಸುವ ಮೊದಲೇ ತೀರ್ಮಾನಿಸಿಕೊಳ್ಳಿ.