ಹಿಂದಿನ ಚಕ್ರ ಫ್ರೇಮಿಗೆ ಹಿಡಿಸದಿದ್ದರೆ ಏನು ಮಾಡಬೇಕು?



ಹೋದ ತಿಂಗಳು ನಾನು ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಕುಂಟುತ್ತಾ ಬಂದಾಗ ಎಲ್ಲರೂ "ಏನಾಯ್ತೋ?" ಅಂತ ಕೇಳಿದಿರಿ. "ಸೈಕಲ್ಲಿಂದ ಬಿದ್ದೆ" ಅಂದಿದ್ದೆ. ಯಾಕೆ ಬಿದ್ದೆ ಅಂತ ಹೇಳಿರಲಿಲ್ಲ. ಅದನ್ನು ಈಗ ಬರೆಯುತ್ತೇನೆ.

ನಮ್ಮ ಮನೆಯಲ್ಲಿರುವುದು ಅಣ್ಣನ ಸೈಕಲ್. 26 ಇಂಚಿನದು, ಗೇರ್ ಇಲ್ಲ. ಅದರ ಹಿಂದಿನ ಹಬ್ ಒಡೆದುಹೋಯಿತು. ಗುಜರಿಯಲ್ಲಿ ಗೇರ್ ಸೈಕಲ್ಲಿನ ಹಿಂದಿನ ಚಕ್ರ ಸಿಕ್ಕಿತು. ಅದೂ 26 ಇಂಚೇ. ಅದರ ಗೇರ್ ಹಲ್ಲುಚಕ್ರಗಳನ್ನು ಬಿಚ್ಚಿಸಿ, ನಮ್ಮ ಹಳೇ ಫ್ರೀವೀಲ್ ಹಾಕಿದೆ. ಮರೆ ಒಂದೇ ಆದ್ದರಿಂದ ಸರಿಯಾಗಿ ಕೂತಿತು. ಆದರೆ ಚಕ್ರ ಫ್ರೇಮಿನೊಳಗೆ ಹೋಗಲಿಲ್ಲ! ನಾನೂ ನನ್ನ ಗೆಳೆಯನೂ ಫ್ರೇಮಿನ ಎರಡೂ ಕಡೆ ಹಿಡಿದು ಎಳೆದು ಅಗಲಿಸಿ, ಚಕ್ರ ತುರುಕಿ ನಟ್ಟು ಬಿಗಿದೆವು. ಗೆದ್ದೆವು ಅಂದುಕೊಂಡೆವು.

ಮಾರನೇ ದಿನ ಕೆಮ್ಮಣ್ಣುಗುಂಡಿ ರಸ್ತೆಯ ಇಳಿಜಾರಿನಲ್ಲಿ ಚೈನು ಕಳಚಿ ಫ್ರೀವೀಲಿಗೂ ಫ್ರೇಮಿಗೂ ಮಧ್ಯೆ ಸಿಕ್ಕಿಕೊಂಡಿತು. ಚಕ್ರ ನಿಂತೇಹೋಯಿತು. ನಾನು ಲಂಟಾನ ಪೊದೆಗೆ ಬಿದ್ದೆ. ಎದುರಿಗೆ ಬಸ್ಸು ಬರಲಿಲ್ಲ, ಅದು ನನ್ನ ಪುಣ್ಯ. ಅಣ್ಣ ನಾಲ್ಕು ದಿನ ತೋಟದ ಕೆಲಸಕ್ಕೆ ನಡೆದೇ ಹೋದ.

ಲಿಂಗದಹಳ್ಳಿಯ ಸೈಕಲ್ ಶಾಪಿನವರು ನೋಡಿ ನಕ್ಕರು. "ಅಲ್ಲ ಕಣೋ ಮರಿ, ಬಾಗಿಲಲ್ಲಿ ಮಂಚ ಹಿಡಿಸ್ಲಿಲ್ಲ ಅಂತ ಗೋಡೆ ಒಡೀತಾರೇನೋ? ಮಂಚದ ಕಾಲು ಬಿಚ್ಚಬೇಕು" ಅಂದರು. ಅವರು ಹೇಳಿಕೊಟ್ಟದ್ದು ಇದು.

ಮೊದಲು ಅಳತೆ: ಫ್ರೇಮಿನ ಹಿಂದೆ ಆಕ್ಸಲ್ ಕೂರುವ ಎರಡು ಸೀಳುಗಳಿವೆ. ಅವುಗಳ ಒಳಮೈಯಿಂದ ಒಳಮೈಗೆ ಅಳೆಯಬೇಕು. ನಮ್ಮದು 120 ಮಿ.ಮೀ. ಇತ್ತು. ಹಬ್ಬಿನಲ್ಲಿ ಆಕ್ಸಲ್ ತುದಿಯಿಂದ ತುದಿಗೆ ಅಳೆಯಬಾರದು. ಫ್ರೇಮಿನ ಒಳಮೈಗೆ ತಾಗುವ ಎರಡು ಒಳನಟ್ಟುಗಳ ಹೊರಮೈಗಳ ನಡುವೆ ಅಳೆಯಬೇಕು. ಅದು 135 ಮಿ.ಮೀ. ಇತ್ತು. ಗೇರ್ ಇಲ್ಲದ ಸೈಕಲ್‌ಗಳಲ್ಲಿ ಈ ಅಳತೆ ಸಾಮಾನ್ಯವಾಗಿ 110 ರಿಂದ 120, ಗೇರಿನ ರೇಸ್ ಸೈಕಲ್‌ಗಳಲ್ಲಿ 126 ಅಥವಾ 130, ದಪ್ಪ ಟೈರಿನ ಗೇರ್ ಸೈಕಲ್‌ಗಳಲ್ಲಿ 135. ಚಕ್ರದ ಸೈಜು ಒಂದೇ ಆದರೂ ಹಬ್ಬಿನ ಅಗಲ ಬೇರೆ ಇರಬಹುದು. ನಾನು ಎಡವಿದ್ದು ಇಲ್ಲೇ.

ಹೆಚ್ಚಾದ 15 ಮಿ.ಮೀ. ಎಲ್ಲಿದೆ?: ಗೇರ್ ಹಬ್ಬಿನಲ್ಲಿ ಆರೇಳು ಹಲ್ಲುಚಕ್ರ ಕೂರಲು ಬಲಗಡೆ ಜಾಗ ಬಿಟ್ಟಿರುತ್ತಾರೆ. ಅಲ್ಲಿ ಕೋನಿಗೂ ಒಳನಟ್ಟಿಗೂ ಮಧ್ಯೆ ಉದ್ದನೆಯ ಬಿಲ್ಲೆಗಳಿರುತ್ತವೆ. ಒಂದೇ ಫ್ರೀವೀಲಿಗೆ ಅಷ್ಟು ಜಾಗ ಬೇಡ. ನನ್ನ ಚೈನು ಬಿದ್ದು ಸಿಕ್ಕಿಕೊಂಡದ್ದು ಆ ಖಾಲಿ ಜಾಗದಲ್ಲೇ!

ಮಾಡುವ ಕ್ರಮ:

1. ಬಲಗಡೆ ಒಳನಟ್ಟು ಬಿಚ್ಚಿ 15 ಮಿ.ಮೀ. ಆಗುವಷ್ಟು ಬಿಲ್ಲೆ ತೆಗೆಯಿರಿ. ಫ್ರೀವೀಲ್, ಚೈನು ಫ್ರೇಮಿಗೆ ಉಜ್ಜದಷ್ಟು ಸಂದು ಉಳಿಯಲೇಬೇಕು.

2. ಆಕ್ಸಲ್ ಎರಡೂ ಕಡೆ ಸಮನಾಗಿ ಹೊರಗೆ ಬರುವಂತೆ ಸರಿಸಿ, ಕೋನು ಬಿಗಿಯಿರಿ. ಆಕ್ಸಲ್ ಸಲೀಸಾಗಿ ತಿರುಗಬೇಕು, ಅಲುಗಾಡಬಾರದು.

3. ಬಲಗಡೆ ಮಾತ್ರ 15 ತೆಗೆದದ್ದರಿಂದ ಹಬ್ಬಿನ ಮಧ್ಯಬಿಂದು ಎಡಕ್ಕೆ ಸರಿಯುತ್ತದೆ. ಎಷ್ಟು? 15 ÷ 2 = 7.5 ಮಿ.ಮೀ. ರಿಮ್ಮೂ ಅಷ್ಟೇ ಎಡಕ್ಕೆ ಬರಬೇಕು. ಬಲಗಡೆ ಕಡ್ಡಿಗಳನ್ನು ಕಾಲು ಸುತ್ತು ಸಡಿಲಿಸಿ, ಎಡಗಡೆಯವನ್ನು ಕಾಲು ಸುತ್ತು ಬಿಗಿಸಿ. ಹೀಗೆ ನಿಧಾನವಾಗಿ ಸುತ್ತಿ ಸುತ್ತಿ ಮಾಡಬೇಕು. ಚಕ್ರವನ್ನು ಎಡಬಲ ತಿರುಗಿಸಿ ಹಾಕಿದರೂ ರಿಮ್ ಅದೇ ಜಾಗದಲ್ಲಿ ನಿಂತರೆ ಮಧ್ಯಕ್ಕೆ ಬಂದಿದೆ ಎಂದರ್ಥ.

ದಾರದ ಪರೀಕ್ಷೆ: ನಾವು ಎಳೆದ ಫ್ರೇಮ್ ಸೊಟ್ಟಗಾಗಿದೆಯೋ ನೋಡಬೇಕಿತ್ತು. ಹಿಂದಿನ ಒಂದು ಸೀಳಿಗೆ ದಾರ ಕಟ್ಟಿ, ಹ್ಯಾಂಡಲ್ ಕೆಳಗಿನ ಪೈಪನ್ನು ಬಳಸಿ, ಇನ್ನೊಂದು ಸೀಳಿಗೆ ಬಿಗಿಯಾಗಿ ತಂದು ಕಟ್ಟಿದೆವು. ಸೀಟಿನ ಪೈಪಿನಿಂದ ಎರಡೂ ಕಡೆಯ ದಾರಕ್ಕೆ ದೂರ ಸಮ ಇರಬೇಕು. ನಮ್ಮದರಲ್ಲಿ 3 ಮಿ.ಮೀ. ವ್ಯತ್ಯಾಸ ಬಂತು. ಅದನ್ನು ಶಾಪಿನವರೇ ಸರಿಮಾಡಿದರು.

ವಿಜ್ಞಾನ ಮೇಷ್ಟ್ರು ಹೇಳಿದ ಸ್ಥಿತಿಸ್ಥಾಪಕತೆ ಇದೇ. ಉಕ್ಕು ಸ್ವಲ್ಪ ಬಗ್ಗಿದರೆ ಮೊದಲಿನ ಆಕಾರಕ್ಕೆ ಬರುತ್ತದೆ. ಮಿತಿ ಮೀರಿದರೆ ಸೊಟ್ಟಗೇ ಉಳಿಯುತ್ತದೆ. ನಮ್ಮ ಬೆಟ್ಟದ ಅದಿರಿನಿಂದ ಭದ್ರಾವತಿಯಲ್ಲಿ ಮಾಡುತ್ತಿದ್ದ ಕಬ್ಬಿಣಕ್ಕೂ ಇದೇ ನಿಯಮ! ಅಲ್ಯೂಮಿನಿಯಂ ಫ್ರೇಮನ್ನಂತೂ ಎಳೆಯಲೇಬಾರದು, ಬಿರುಕು ಬಿಡುತ್ತದೆ.

2006-07ರಲ್ಲಿ ಶುರುವಾದ ಸರ್ಕಾರದ ಉಚಿತ ಸೈಕಲ್ ಯೋಜನೆಯಲ್ಲಿ ಬಂದ ಸೈಕಲ್‌ಗಳು ನಮ್ಮೂರ ಮನೆಗಳಲ್ಲಿ ಇನ್ನೂ ಇವೆ. ಒಂದರ ಚಕ್ರ ಇನ್ನೊಂದಕ್ಕೆ ಹಾಕುವವರು ದಯವಿಟ್ಟು ಮೊದಲು ಸ್ಕೇಲ್ ಹಿಡಿಯಿರಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.

ಈಗ ಅಣ್ಣ ಅದೇ ಚಕ್ರದಲ್ಲಿ ಕೆಲಸಕ್ಕೆ ಹೋಗುತ್ತಿದ್ದಾನೆ. ಚೈನು ಒಂದು ಸಲವೂ ಬಿದ್ದಿಲ್ಲ.

ನಿಮಗೊಂದು ಲೆಕ್ಕ: ಫ್ರೇಮ್ 114 ಮಿ.ಮೀ., ಹಬ್ 126 ಮಿ.ಮೀ. ಇದೆ. ಬಲಗಡೆ ಎಷ್ಟು ಬಿಲ್ಲೆ ತೆಗೆಯಬೇಕು? ರಿಮ್ ಎಷ್ಟು ಎಡಕ್ಕೆ ಬರಬೇಕು? ಉತ್ತರವನ್ನು ಇದರ ಕೆಳಗೆ ಪೆನ್ಸಿಲ್ಲಿನಲ್ಲಿ ಬರೆಯಿರಿ.

ಇಂತಿ,
9ನೇ ತರಗತಿಯ ನಿಮ್ಮ ಗೆಳೆಯ