ಮೊದಲು ಸೊನ್ನೆಯ ಗೆರೆ

ಪ್ರೀತಿಯ ತಮ್ಮಾ,

ಹೊಳೆ ಎಷ್ಟು ಏರಿತೆಂದು ಮನೆಯೊಳಗೆ ಕೂತೇ ಲ್ಯಾಪ್‌ಟಾಪಿನಲ್ಲಿ ನೋಡಬೇಕು ಅಂತ ಹೊರಟಿದ್ದೀಯಂತೆ. ಖುಷಿಯಾಯಿತು. 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈನಲ್ಲಿ ಗಂಗಾವಳಿ ಹೇಗೆ ಬಂದಳೆಂದು ಸುಂಕಸಾಳದವರಿಗೆ ನಾನು ಹೇಳಬೇಕಾಗಿಲ್ಲ. ಘಟ್ಟದ ಮೇಲೆ ಬೇಡ್ತಿಯಾಗಿದ್ದಾಗ ಬಿದ್ದ ಮಳೆಯ ಲೆಕ್ಕ ಕೆಳಗೆ ನಮಗೆ ತಡವಾಗಿ ಸಿಗುತ್ತದೆ. ಹಾಗಾಗಿ ನಿನ್ನ ಹುಚ್ಚು ಒಳ್ಳೆಯ ಹುಚ್ಚೇ. ಆದರೆ ವೈರು ಚುಚ್ಚುವ ಮೊದಲು ಈ ಪತ್ರ ಓದು.

ನೀನು ತರಿಸಿದ್ದು ಎಚ್‌ಸಿ-ಎಸ್‌ಆರ್04 ಎಂಬ ಸೆನ್ಸರ್. ಎರಡು ಕಣ್ಣಿದ್ದ ಹಾಗೆ ಕಾಣುತ್ತದೆ, ನಿಜಕ್ಕೂ ಒಂದು ಬಾಯಿ, ಇನ್ನೊಂದು ಕಿವಿ. ನಮಗೆ ಕೇಳಿಸದ ಸದ್ದು ಮಾಡಿ, ಅದು ನೀರಿಗೆ ತಾಗಿ ಮರಳಲು ಹಿಡಿದ ಹೊತ್ತನ್ನು ಹೇಳುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ, ಉಳಿದದ್ದು ನಿನ್ನ ಗಣಿತ. ನಾಲ್ಕು ಮೀಟರಿನಾಚೆ ಇದರ ಆಟ ನಡೆಯುವುದಿಲ್ಲ, ನೀರು ಒಳಹೊಕ್ಕರೆ ಮುಗಿಯಿತು. ಸೇತುವೆಗೆ ಕಟ್ಟುವ ಯೋಚನೆ ಆಮೇಲೆ. ಮೊದಲು ಬಚ್ಚಲಿನ ಹಂಡೆಯ ಮೇಲೆ ಹಿಡಿದು ನೋಡು.

ಈಗ ಮುಖ್ಯ ಮಾತು. ನೆರೆ ಎಷ್ಟು ಏರಿತೆಂದು ಹೇಳಲು ಕಂಬದ ಮೇಲೆ ಒಂದು ಸೊನ್ನೆಯ ಗೆರೆ ಬೇಕಲ್ಲ? ಕರೆಂಟಿಗೂ ಬೇಕು. ಗ್ರೌಂಡ್ ಅಂದರೆ ಆ ಗೆರೆ. ಐದು ವೋಲ್ಟ್ ಅಂದಾಗ, ಯಾವ ಗೆರೆಯಿಂದ ಐದು ಅನ್ನುವುದೇ ಪ್ರಶ್ನೆ. ಸೆನ್ಸರಿಗೂ ಅದರ ಮಾತು ಕೇಳುವ ನಿನ್ನ ಇಎಸ್‌ಪಿ ಬೋರ್ಡಿಗೂ ಬೇರೆ ಬೇರೆ ಚಾರ್ಜರ್ ಕೊಟ್ಟರೂ ಅವುಗಳ ಗ್ರೌಂಡ್ ಒಂದಾಗಲೇಬೇಕು. ಹಾಗಂತ ಎರಡರ ಐದು ವೋಲ್ಟಿನ ತಂತಿಗಳನ್ನು ಒಂದಕ್ಕೊಂದು ಕಟ್ಟಬೇಡ. ಒಂದರ ಕರೆಂಟು ಇನ್ನೊಂದಕ್ಕೆ ಹಿಂದಿನಿಂದ ನುಗ್ಗಿ ಲ್ಯಾಪ್‌ಟಾಪಿನ ಬಾಗಿಲಿಗೇ ಬಂದೀತು. ಜೋಡಿಸುವಾಗ ಗ್ರೌಂಡ್ ಮೊದಲು, ಬಿಚ್ಚುವಾಗ ಗ್ರೌಂಡ್ ಕೊನೆಗೆ. ಎರಡೂ ಹೊತ್ತಿನಲ್ಲಿ ಯುಎಸ್‌ಬಿ ಕೇಬಲ್ ಹೊರಗೆ.

ಮಳೆಗಾಲದಲ್ಲಿ ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ಕೂತು, ಚಾರ್ಜರಿಗೆ ಹಾಕಿದ ಲ್ಯಾಪ್‌ಟಾಪಿನ ಲೋಹದ ಭಾಗ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆಯೇ? ಗೋಡೆಯ ಸಾಕೆಟ್ಟಿಗೆ ಸರಿಯಾದ ಅರ್ಥಿಂಗ್ ಇಲ್ಲ, ಇಲ್ಲವೇ ನಿನ್ನ ಚಾರ್ಜರಿನದು ಎರಡೇ ಕಡ್ಡಿ. ಚಾರ್ಜರಿನೊಳಗೆ ಗದ್ದಲ ಸೋಸಲು ಇಟ್ಟ ಪುಟ್ಟ ಕೆಪಾಸಿಟರಿನ ಮೂಲಕ ತುಸು ಕರೆಂಟು ಸೋರುತ್ತದೆ. ಅದಕ್ಕೆ ದಾರಿಯಿಲ್ಲದಿದ್ದರೆ ಲ್ಯಾಪ್‌ಟಾಪಿನ ಸೊನ್ನೆಯ ಗೆರೆಯೇ ಮೇಲೆದ್ದು ತೇಲುತ್ತದೆ. ನಿನಗೆ ಜುಮ್ ಅಂದಷ್ಟೇ. ಅದೇ ಸೋರಿಕೆ ಹಂಡೆಯ ಹತ್ತಿರದ ಸೆನ್ಸರಿನ ಮೂಲಕ ನೆಲಕ್ಕೆ ದಾರಿ ಹುಡುಕಿದರೆ ಪಾಪ ಅದು ತಾಳಲಾರದು. ಆದ್ದರಿಂದ ಯುಎಸ್‌ಬಿ ಕೇಬಲ್ ಹಾಕುವ ಮೊದಲೇ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಕೆಲಸ ಮಾಡು. ಮನೆಯ ಅರ್ಥಿಂಗನ್ನು ಮಾತ್ರ ನೀನೇ ಮುಟ್ಟಬೇಡ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸು.

ಸೆನ್ಸರಿನಲ್ಲಿ ಹೊತ್ತು ಹೇಳುವ ಎಕೋ ಪಿನ್ನು ಐದು ವೋಲ್ಟ್ ಉಗುಳುತ್ತದೆ. ನಿನ್ನ ಇಎಸ್‌ಪಿ ಬೋರ್ಡಿನ ಪಿನ್ನಿಗೆ ಒಗ್ಗುವುದು 3.3. ಎಕೋದಿಂದ 1 ಕಿಲೋಓಮಿನ ರೆಸಿಸ್ಟರ್ ದಾಟಿ ಪಿನ್ನಿಗೆ ಬಾ, ಆ ಪಿನ್ನಿನಿಂದ 2 ಕಿಲೋಓಮಿನದನ್ನು ಗ್ರೌಂಡಿಗೆ ಇಳಿಸು. ಐದರಲ್ಲಿ ಮೂರನೇ ಎರಡು ಪಾಲು ಮಾತ್ರ ಒಳಗೆ ಹೋಗುತ್ತದೆ. ‘ಹಾಗೇ ಹಾಕಿದರೂ ನಡೀತದೆ’ ಅನ್ನುವವರು ಸಿಗುತ್ತಾರೆ. ನಡೆಯುತ್ತದೆ, ಒಂದು ವಾರವೋ ಒಂದು ತಿಂಗಳೋ.

ನಾನೇ ಒಮ್ಮೆ ಹಳೆಯ ಕಂಪ್ಯೂಟರಿನ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟಿಗೆ ಐದು ವೋಲ್ಟಿನ ಚಿಪ್ಪನ್ನು ನೇರ ಸಿಕ್ಕಿಸಿದವ. ಆ ಪೋರ್ಟಿನಲ್ಲಿ ಹನ್ನೆರಡು ವೋಲ್ಟಿನವರೆಗೂ ಮೇಲೆ ಕೆಳಗೆ ಆಡುತ್ತದೆಂದು ಚಿಪ್ಪು ಸುಟ್ಟ ವಾಸನೆ ಬಂದಮೇಲೇ ಪುಸ್ತಕ ತೆಗೆದು ಓದಿದೆ. ಈಗ ಲ್ಯಾಪ್‌ಟಾಪಿಗೂ ಬೋರ್ಡಿಗೂ ನಡುವೆ ಹಾಕುವ ಯುಎಸ್‌ಬಿ-ಸೀರಿಯಲ್ ಮಾಡ್ಯೂಲು ಅಷ್ಟು ಕ್ರೂರಿಯಲ್ಲ, ಆದರೂ ಅದರ ಮೇಲಿನ ಜಂಪರ್ 5ರಲ್ಲಿದೆಯೋ 3.3ರಲ್ಲಿದೆಯೋ ನೋಡು. ಮಾಡ್ಯೂಲಿನ ಟಿಎಕ್ಸ್ ಬೋರ್ಡಿನ ಆರ್‌ಎಕ್ಸಿಗೆ. ಒಬ್ಬನ ಬಾಯಿ ಇನ್ನೊಬ್ಬನ ಕಿವಿಗೆ.

ಮುಂದೆ ಮೊಬೈಲಿಗೆ ಮೆಸೇಜು ಹೋಗಲಿ ಅಂತ ಸಿಮ್800ಎಲ್ ಮಾಡ್ಯೂಲು ತರುವ ಆಸೆ ನಿನಗೆ ಬಂದೇ ಬರುತ್ತದೆ. ಅದಕ್ಕೆ ಬೇಕಾದದ್ದು 3.4ರಿಂದ 4.4 ವೋಲ್ಟ್, ಐದು ಕೊಟ್ಟರೆ ಕೆಡುತ್ತದೆ. ಸಿಗ್ನಲ್ ಕಳಿಸುವ ಕ್ಷಣಕ್ಕೆ ಎರಡು ಆಂಪಿಯರಿನಷ್ಟು ಎಳೆಯುತ್ತದೆ. ಯುಎಸ್‌ಬಿ 2.0 ಪೋರ್ಟು ಕೊಡಬೇಕಾದದ್ದು ಅರ್ಧ ಆಂಪಿಯರ್, 3.0 ಆದರೆ 0.9. ಹಾಗಾಗಿ ಆ ಮಾಡ್ಯೂಲಿಗೆ ಬೇರೆ ಸಪ್ಲೈ ಬೇಕು, ಮತ್ತೆ ಅದೇ ಮಾತು: ಗ್ರೌಂಡ್ ಮಾತ್ರ ಒಂದೇ. ಉನೋ ಎಂಬ ಬೋರ್ಡಿನಲ್ಲಿ ಲ್ಯಾಪ್‌ಟಾಪಿನ ಪೋರ್ಟ್ ಕಾಯುವ ಫ್ಯೂಸ್ ಒಂದಿದೆ. ಅಗ್ಗದ ಎಷ್ಟೋ ಬೋರ್ಡುಗಳಲ್ಲಿ ಅದಿಲ್ಲ. ಲ್ಯಾಪ್‌ಟಾಪ್ ಅಪ್ಪ ಸಾಲ ಮಾಡಿ ಕೊಡಿಸಿದ್ದಲ್ಲವೇ?

ಇನ್ನೊಂದು. ಗುಡುಗು ಕೇಳಿದರೆ ಎಲ್ಲ ಬಿಚ್ಚಿಡು. ಹೊರಗೆ ಎಳೆದ ಉದ್ದ ತಂತಿ ಸಿಡಿಲಿಗೆ ದಾರಿ.

ಕೆಂಪು ವೈರೇ ಪ್ಲಸ್ ಅಂತ ನಂಬಬೇಡ, ಮಲ್ಟಿಮೀಟರಿನಲ್ಲಿ ಅಳೆ. ನಿನ್ನ ಹತ್ತಿರ ಮೀಟರಿಲ್ಲವಂತೆ. ನನ್ನ ಹಳೆಯದು ಅಟ್ಟದ ಮೇಲಿದೆ, ಮಳೆ ಹೊಳವಾದಾಗ ಅಂಕೋಲೆಗೆ ಬಂದು ತಗೊಂಡು ಹೋಗು. ಒಂಬತ್ತು ವೋಲ್ಟಿನ ಬ್ಯಾಟರಿ ನೀನೇ ತರಬೇಕು, ನನ್ನದು ಸೋರಿಹೋಗಿದೆ.

ಇಂತಿ,
ನಿನ್ನ ದೊಡ್ಡಪ್ಪ