ಮಾತ್ರೆಯೋ, ಸೂಜಿಯೋ? ಕೀಲುನೋವು ಕಲಿಸಿದ ಏಳು ಪಾಠಗಳು

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯಲ್ಲಿ ಹೊಗೆಸೊಪ್ಪಿನ ಸಸಿ ನೆಡುವ ಕೆಲಸ, ಕೆ.ಆರ್. ನಗರದಲ್ಲಿ ಭತ್ತದ ನಾಟಿ. ಎರಡೂ ದಿನವಿಡೀ ಬಗ್ಗಿಕೊಂಡೇ ಮಾಡುವಂಥವು. ಈ ನಾಲ್ಕು ತಾಲ್ಲೂಕಿನವರ ಮಂಡಿ, ಸೊಂಟ, ಬೆರಳ ಸಂದುಗಳನ್ನು ನೋಡುತ್ತ ಬಂದ ವೈದ್ಯನಾಗಿ ನಾನು ಹೆಚ್ಚಾಗಿ ಕೇಳುವ ಮಾತು ಒಂದೇ. ‘ಡಾಕ್ಟ್ರೇ, ನಾಟಿ ಮುಗಿಯೋಗಂಟ ನೋವು ತಡೆಯೋ ಹಂಗೆ ಒಂದ್ ಸೂಜಿ ಹಾಕ್ಬುಡಿ.’ ಕೂಲಿ ತಪ್ಪಿದರೆ ಒಲೆ ಉರಿಯದ ಮನೆಯವರು ಹೀಗೆ ಕೇಳುವುದು ನ್ಯಾಯವೇ. ಆದರೆ ಅಂಥ ಸೂಜಿಯಲ್ಲಿರುವ ಸ್ಟೆರಾಯ್ಡನ್ನು ಯಾರಿಗೆ, ಯಾವ ದಾರಿಯಲ್ಲಿ, ಎಷ್ಟು ದಿನ ಕೊಡಬೇಕು ಎಂಬುದು ಗೊತ್ತಿರಲೇಬೇಕು.

1. ಮೊದಲು ಕಾಯಿಲೆ ಯಾವುದೆಂದು ಗೊತ್ತಾಗಲಿ

ಸವೆದ ಮಂಡಿಯ ನೋವು ನಡೆದಾಗ, ಮೆಟ್ಟಿಲು ಇಳಿದಾಗ ಹೆಚ್ಚುತ್ತದೆ, ಕೂತರೆ ತಗ್ಗುತ್ತದೆ. ರುಮಟಾಯ್ಡ್ ವಾತ ಹಾಗಲ್ಲ. ಬೆಳಗ್ಗೆ ಎದ್ದಾಗ ಎರಡೂ ಕೈಯ ಬೆರಳು ಬಿಗಿದಿರುತ್ತವೆ, ಗಂಟೆ ಕಳೆದರೂ ಮುಷ್ಟಿ ಕಟ್ಟಲಾಗದು, ಗೆಣ್ಣು ಊದಿ ಉಂಗುರ ಏರುವುದಿಲ್ಲ. ಸ್ಟೆರಾಯ್ಡ್ ಉರಿಯೂತವನ್ನು ತಗ್ಗಿಸುತ್ತದೆ. ಸವೆದ ಮೃದ್ವಸ್ಥಿಯನ್ನು ಮತ್ತೆ ಬೆಳೆಸುವ ಶಕ್ತಿ ಅದಕ್ಕಿಲ್ಲ. ಹಾಗಾಗಿ ಬರೀ ಸವೆತದ ನೋವಿಗೆ ತಿಂಗಳುಗಟ್ಟಲೆ ಸ್ಟೆರಾಯ್ಡ್ ಮಾತ್ರೆ ನುಂಗುವುದರಲ್ಲಿ ಅರ್ಥವಿಲ್ಲ.

2. ಸೊಂಟಕ್ಕೆ ಹಾಕುವ ಸೂಜಿ ಮಾತ್ರೆಗೆ ಸಮ

ಬಹಳ ಜನ ತಪ್ಪು ತಿಳಿಯುವುದು ಇಲ್ಲೇ. ಸೊಂಟಕ್ಕೋ ತೋಳಿಗೋ ಹಾಕಿದ ಸ್ಟೆರಾಯ್ಡ್ ರಕ್ತಕ್ಕೆ ಸೇರಿ ಮೈಯೆಲ್ಲ ಓಡಾಡುತ್ತದೆ. ಇಂಥ ಸೂಜಿಯಲ್ಲಿರುವ 4 ಮಿಲಿಗ್ರಾಂ ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡ್ ಶಕ್ತಿಯಲ್ಲಿ 25 ಮಿಲಿಗ್ರಾಂ ಪ್ರೆಡ್ನಿಸೊಲೋನ್‌ಗಿಂತ ಕಡಿಮೆಯಿಲ್ಲ. ಅಂದರೆ 5 ಮಿಲಿಗ್ರಾಂನ ಐದು ಪ್ರೆಡ್ನಿಸೊಲೋನ್ ಮಾತ್ರೆ ಒಟ್ಟಿಗೆ ನುಂಗಿದ ಲೆಕ್ಕ. ‘ಮಾತ್ರೆ ಮುಟ್ಟಿಲ್ಲ, ವಾರಕ್ಕೊಂದು ಸೂಜಿ ಅಷ್ಟೇ’ ಎನ್ನುವವರ ಮುಖ ದುಂಡಗಾಗುವುದು, ಸಕ್ಕರೆ, ಬಿ.ಪಿ. ಏರುವುದು, ಮೂಳೆ ಟೊಳ್ಳಾಗುವುದು ಇದರಿಂದಲೇ.

3. ಒಂದೆರಡು ಕೀಲು ಮಾತ್ರ ಊದಿದ್ದರೆ ಕೀಲಿನೊಳಗೇ ಸೂಜಿ

ಉಳಿದೆಲ್ಲ ಚೆನ್ನಾಗಿದ್ದು ಒಂದು ಮಂಡಿ ಮಾತ್ರ ನೀರು ತುಂಬಿ ಊದಿದ್ದರೆ ಈ ದಾರಿ ಒಳ್ಳೆಯದು. ರೋಗಿಯನ್ನು ಮಲಗಿಸಿ, ಚರ್ಮವನ್ನು ಅಯೋಡಿನ್ನಿನಿಂದ ಒರೆಸಿ, ಅದು ಒಣಗುವವರೆಗೆ ಕಾಯುತ್ತೇನೆ. ಮಂಡಿಚಿಪ್ಪಿನ ಹೊರ ಅಂಚಿನಿಂದ ಸೂಜಿ ಇಳಿಸಿ ಮೊದಲು ನೀರು ತೆಗೆಯುತ್ತೇನೆ. ತಿಳಿ ಹಳದಿ ನೀರು ಬಂದರೆ ಅದೇ ಸೂಜಿಯಲ್ಲಿ 40 ಮಿಲಿಗ್ರಾಂ ಟ್ರಯಾಮ್ಸಿನಲೋನ್ ಎಂಬ ಸ್ಟೆರಾಯ್ಡ್ ಒಳಗೆ ಹೋಗುತ್ತದೆ. ನೀರು ಕದಡಿ ಕೀವಿನಂತಿದ್ದರೆ ಅಲ್ಲಿಗೆ ನಿಲ್ಲಿಸಿ, ಅದನ್ನು ಪರೀಕ್ಷೆಗೆ ಕಳಿಸಿ, ರೋಗಿಯನ್ನು ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ದೊಡ್ಡ ಕಡೆಗೆ ಕಳಿಸಬೇಕು. ಸೋಂಕು ತಗುಲಿದ ಕೀಲಿಗೆ ಸ್ಟೆರಾಯ್ಡ್ ಬಿದ್ದರೆ ಕೀಲೇ ಹಾಳಾಗುತ್ತದೆ. ಸೂಜಿಯಾದ ಮೇಲೆ ಒಂದೆರಡು ದಿನ ಭಾರ ಹೊರಬಾರದು. ನೋವು ಕೆಲವು ದಿನಗಳಲ್ಲಿ ಇಳಿದು, ಸಾಮಾನ್ಯವಾಗಿ ಕೆಲವು ವಾರ, ಕೆಲವರಲ್ಲಿ ಮೂರು ತಿಂಗಳವರೆಗೂ ಆರಾಮ ಸಿಗುತ್ತದೆ.

4. ಆ ಸೂಜಿಯನ್ನೂ ರೂಢಿ ಮಾಡಿಕೊಳ್ಳಬೇಡಿ

ಒಂದೇ ಕೀಲಿಗೆ ಎರಡು ಸೂಜಿಗಳ ನಡುವೆ ಮೂರು ತಿಂಗಳಾದರೂ ಬಿಡುವಿರಲಿ. ಅಮೆರಿಕದಲ್ಲಿ ಸವೆದ ಮಂಡಿಗಳಿಗೆ ಮೂರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ಸ್ಟೆರಾಯ್ಡ್ ಸೂಜಿ ಹಾಕಿ ನೋಡಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಬರೀ ಉಪ್ಪುನೀರಿನ ಸೂಜಿ ಹಾಕಿಸಿಕೊಂಡವರಿಗಿಂತ ಇವರ ಮೃದ್ವಸ್ಥಿ ಹೆಚ್ಚು ಸವೆದಿತ್ತು, ನೋವಿನಲ್ಲಿ ಮಾತ್ರ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಪ್ರತಿ ನಾಟಿಗೂ ಸೂಜಿ, ಪ್ರತಿ ಕೊಯ್ಲಿಗೂ ಸೂಜಿ ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

5. ಹಲವು ಕೀಲು ಹಿಡಿದಿದ್ದರೆ ಮಾತ್ರೆ, ಅದೂ ತಾತ್ಕಾಲಿಕ ಆಸರೆಯಾಗಿ

1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಫಿಲಿಪ್ ಹೆಂಚ್ ರುಮಟಾಯ್ಡ್ ಇದ್ದ ಮಹಿಳೆಯೊಬ್ಬರಿಗೆ ಮೊದಲ ಬಾರಿ ಕಾರ್ಟಿಸೋನ್ ಎಂಬ ಸ್ಟೆರಾಯ್ಡ್ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದರು. 1950ರಲ್ಲಿ ಹೆಂಚ್ ಮತ್ತು ಇನ್ನಿಬ್ಬರಿಗೆ ನೊಬೆಲ್ ಬಂತು. ಅಷ್ಟರಲ್ಲೇ ಅದರ ಅಡ್ಡ ಪರಿಣಾಮಗಳೂ ಕಾಣತೊಡಗಿದ್ದವು. ಇಂದು ರುಮಟಾಯ್ಡ್ ರೋಗವನ್ನು ಹಿಡಿತಕ್ಕೆ ತರುವ ಮುಖ್ಯ ಔಷಧಿ ಮೆಥೊಟ್ರೆಕ್ಸೇಟ್. ಅದನ್ನು ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳಬೇಕು, ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಅದು ಕೆಲಸ ತೋರಿಸಲು ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಕಡಿಮೆ ಪ್ರಮಾಣದ ಪ್ರೆಡ್ನಿಸೊಲೋನ್ ಬೆಳಗ್ಗೆ ತಿಂಡಿಯಾದ ಮೇಲೆ ಕೊಟ್ಟು, ಆದಷ್ಟು ಬೇಗ ಇಳಿಸುತ್ತ ಬಂದು ಬಿಡಿಸಬೇಕು.

6. ಹೆಸರಿಲ್ಲದ ಮಾತ್ರೆ ನುಂಗಬೇಡಿ, ನುಂಗುತ್ತಿದ್ದರೆ ತಟ್ಟನೆ ಬಿಡಬೇಡಿ

ಎಷ್ಟೋ ಜನ ಪೇಪರಿನ ಪೊಟ್ಟಣ ಬಿಚ್ಚಿ ತೋರಿಸುತ್ತಾರೆ. ಹೆಸರು ಕಾಣದಂತೆ ಕತ್ತರಿಸಿದ ಸ್ಟ್ರಿಪ್ಪಿನ ಚೂರುಗಳು, ನಡುವೆ ಒಂದು ಪುಟ್ಟ ಬಿಳಿ ಮಾತ್ರೆ. ‘ಇದನ್ನ ತಗೊಂಡ್ರೆ ಹಸಿವೂ ಆಯ್ತದೆ, ನೋವೂ ಇಲ್ಲ’ ಎಂದ ಕೂಡಲೇ ನನಗೆ ಸ್ಟೆರಾಯ್ಡಿನ ಅನುಮಾನ ಬರುತ್ತದೆ. ವೈದ್ಯರ ಚೀಟಿಯಿಲ್ಲದೆ ಇದನ್ನು ಮಾರುವಂತಿಲ್ಲ. ಮೂರು ವಾರಕ್ಕಿಂತ ಹೆಚ್ಚು ನುಂಗಿದವರ ದೇಹ ತನ್ನ ಸ್ಟೆರಾಯ್ಡನ್ನು ತಾನೇ ತಯಾರಿಸುವುದನ್ನು ತಗ್ಗಿಸಿರಬಹುದು. ಥಟ್ಟನೆ ಬಿಟ್ಟರೆ ಸುಸ್ತು, ವಾಂತಿ, ಬಿ.ಪಿ. ಕುಸಿತ. ವೈದ್ಯರ ಕಣ್ಗಾವಲಿನಲ್ಲಿ ಹಂತಹಂತವಾಗಿ ಇಳಿಸಬೇಕು.

7. ಕೆಲವರ ವಿಷಯದಲ್ಲಿ ಕೈ ತಡೆದು ಯೋಚಿಸಬೇಕು

ಸಕ್ಕರೆ ಕಾಯಿಲೆಯವರಿಗೆ ಕೀಲಿನ ಸೂಜಿಯೂ ಕೆಲವು ದಿನ ಸಕ್ಕರೆ ಏರಿಸುತ್ತದೆ. ಒಳಗೆ ಅಡಗಿರುವ ಕ್ಷಯ ಸ್ಟೆರಾಯ್ಡಿನಿಂದ ಎದ್ದು ಬರಬಹುದು. ಎಚ್.ಡಿ. ಕೋಟೆ, ಹುಣಸೂರಿನ ಆದಿವಾಸಿ ಹಾಡಿಗಳಿಂದ ಮೂಳೆನೋವು ಎಂದು ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಬರೆಯುವುದು ಸಿಕಲ್‌ಸೆಲ್ ರಕ್ತಪರೀಕ್ಷೆ. ಆ ಕಾಯಿಲೆಯಿದ್ದರೆ ಸ್ಟೆರಾಯ್ಡ್ ನೋವನ್ನು ಕೆರಳಿಸಬಹುದು. ತೊಡೆಮೂಳೆಯ ತಲೆ ರಕ್ತವಿಲ್ಲದೆ ಸಾಯುವ ಅಪಾಯ ಅವರಿಗೆ ಮೊದಲೇ ಇದೆ, ಸ್ಟೆರಾಯ್ಡ್ ಅದನ್ನು ಹೆಚ್ಚಿಸುತ್ತದೆ. 2023ರಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್‌ಸೆಲ್ ನಿರ್ಮೂಲನ ಅಭಿಯಾನ ಇಂಥ ತಪಾಸಣೆಗೆಂದೇ ಇದೆ.

ಕೊನೆಗೆ ಒಂದು ಮಾತು. ಸವೆದ ಮಂಡಿಗೆ ಸೂಜಿಗಿಂತ ವ್ಯಾಯಾಮ ಮತ್ತು ಫಿಸಿಯೋಥೆರಪಿ ಒಂದು ವರ್ಷದ ನಂತರ ಹೆಚ್ಚು ಫಲ ಕೊಟ್ಟಿದೆ ಎಂದು 2020ರ ಅಧ್ಯಯನವೊಂದು ತೋರಿಸಿದೆ. ಮಂಚದ ಮೇಲೆ ಕೂತು ಕಾಲನ್ನು ನೇರ ಚಾಚಿ, ಹತ್ತು ಎಣಿಸುವವರೆಗೆ ಹಿಡಿದು ಇಳಿಸಿ. ಬೆಳಗ್ಗೆ ಸಂಜೆ ಮಾಡಿದರೆ ತೊಡೆ ಗಟ್ಟಿಯಾಗಿ ಮಂಡಿಯ ಭಾರ ಇಳಿಯುತ್ತದೆ. ಮುಂದಿನ ಸಲ ಯಾರಾದರೂ ಸೂಜಿ ಹಾಕಲು ಬಂದಾಗ ಮೂರು ಪ್ರಶ್ನೆ ಕೇಳಿ: ನನಗಿರುವ ಕಾಯಿಲೆ ಯಾವುದು? ಇದು ಸ್ಟೆರಾಯ್ಡಾ? ಎಷ್ಟು ದಿನ? ಉತ್ತರ ಸಿಗದಿದ್ದರೆ ಸೂಜಿ ಹಾಕಿಸಿಕೊಳ್ಳಬೇಡಿ.